ವಿಡಿಯೊ ಮಾತ್ರ ನಿಧಾನವೋ, ಇಡೀ ನೆಟ್ಟೇ ನಿಧಾನವೋ? ಮನೆಯಲ್ಲೇ ಅಳೆದು ತಿಳಿಯುವ ಬಗೆ

ರಾತ್ರಿ ಒಂಬತ್ತೂವರೆಗೆ ವಿಡಿಯೊ ನಿಂತು ಸುತ್ತತೊಡಗಿದರೆ ಮೊದಲು ಬಾಯಿಗೆ ಬರುವ ಮಾತು ‘ಕಂಪನಿಯವರು ಬೇಕಂತಲೇ ಸ್ಪೀಡ್ ಇಳಿಸಿದ್ದಾರೆ’. ಇರಬಹುದು. ಆದರೆ ‘ಇಳಿಸಿದ್ದಾರೆ’ ಎಂಬುದಕ್ಕೂ ‘ಸಾಲುತ್ತಿಲ್ಲ’ ಎಂಬುದಕ್ಕೂ ಕಾನೂನಿನಲ್ಲಿ ಅಜಗಜಾಂತರ. ಒಂದು ಆ್ಯಪನ್ನೋ ಒಂದು ಬಗೆಯ ಡೇಟಾ ಸಂಚಾರವನ್ನೋ ಆರಿಸಿ ಇಳಿಸಿದರೆ ಅದು ನೆಟ್ ನ್ಯೂಟ್ರಾಲಿಟಿಯ, ಎಂದರೆ ಎಲ್ಲ ಸಂಚಾರವನ್ನೂ ಸಮನಾಗಿ ಕಾಣಬೇಕೆಂಬ ನಿಯಮದ, ಉಲ್ಲಂಘನೆ. ಎಲ್ಲವೂ ಒಟ್ಟಿಗೆ ನಿಧಾನವಾದರೆ ಅದು ದುಡ್ಡು ಹಾಕಬೇಕಾದ ಕಡೆ ಹಾಕದ ಸಮಸ್ಯೆ. ಎರಡನ್ನೂ ಕಲಸಿ ದೂರು ಬರೆದರೆ ಕಾಲ್ ಸೆಂಟರಿನವರು ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಎಂದು ಹೇಳಿ ಟಿಕೆಟ್ ಮುಚ್ಚುತ್ತಾರೆ. ಬೇರ್ಪಡಿಸಿ, ಅಂಕಿಗಳ ಸಮೇತ ಬರೆದರೆ ಹಾಗೆ ಮುಚ್ಚುವುದು ಕಷ್ಟ. ಇದಕ್ಕೆ ಬೇಕಾಗುವುದು ಒಂದು ಲ್ಯಾಪ್‌ಟಾಪು, ಒಂದು ಲ್ಯಾನ್ ಕೇಬಲ್ಲು, ಒಂದು ಆಂಡ್ರಾಯ್ಡ್ ಅಥವಾ ಐಫೋನು, ಮತ್ತೆ ಒಂದು ವಾರದ ತಾಳ್ಮೆ.

ನಿಯಮ ಎಲ್ಲಿಯವರೆಗೆ

ಭಾರತದಲ್ಲಿ ಎರಡು ಕಟ್ಟಳೆಗಳಿವೆ. ಮೊದಲನೆಯದು ದರದ್ದು. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ನಿಯಮಾವಳಿಯ ಪ್ರಕಾರ, ಯಾವ ಕಂಪನಿಯೂ ನೀವು ನೋಡುವ ವಿಷಯದ ಆಧಾರದ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ, ಹೆಚ್ಚೆಂದರೆ 50 ಲಕ್ಷ ದಂಡ. ಫೇಸ್‌ಬುಕ್‌ನ ಆಯ್ದ ಕೆಲವು ಸೈಟುಗಳನ್ನು ಮಾತ್ರ ಪುಕ್ಕಟೆ ಕೊಡುವ ‘ಫ್ರೀ ಬೇಸಿಕ್ಸ್’ ಭಾರತದಲ್ಲಿ ಮುಚ್ಚಿಹೋದದ್ದು ಇದರಿಂದಲೇ. ಎರಡನೆಯದು ಸ್ಪೀಡಿನದು. ಟ್ರಾಯ್ 2017ರ ನವೆಂಬರ್ 28ರಂದು ಶಿಫಾರಸು ಮಾಡಿತು, 2018ರಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಒಪ್ಪಿ ಕಂಪನಿಗಳ ಲೈಸೆನ್ಸ್ ಷರತ್ತಿಗೇ ಸೇರಿಸಿತು. ತಡೆಯುವುದು, ನಿಧಾನ ಮಾಡುವುದು, ಒಬ್ಬರ ಸಂಚಾರಕ್ಕೆ ಮಾತ್ರ ಮುಂದೆ ದಾರಿ ಬಿಡುವುದು, ಈ ಮೂರೂ ನಿಷಿದ್ಧ.

ವಿನಾಯಿತಿಗಳನ್ನೂ ಗೊತ್ತುಮಾಡಿಕೊಂಡಿರಬೇಕು. ಇಲ್ಲದಿದ್ದರೆ ದೂರು ಮೊದಲ ಉತ್ತರಕ್ಕೇ ಬಿದ್ದುಹೋಗುತ್ತದೆ. ನ್ಯಾಯಾಲಯ ಅಥವಾ ಸರ್ಕಾರದ ಆದೇಶದ ಮೇಲೆ ತಡೆದದ್ದು, ತುರ್ತು ಸೇವೆ, ನೆಟ್‌ವರ್ಕ್ ಕುಸಿಯದಂತೆ ತಾತ್ಕಾಲಿಕವಾಗಿ ಮತ್ತು ಅಗತ್ಯವಿದ್ದಷ್ಟೇ ಮಾಡುವ ಸಂಚಾರ ನಿರ್ವಹಣೆ, ಸಾಮಾನ್ಯ ಇಂಟರ್ನೆಟ್ಟಿನಿಂದ ಬೇರೆಯಾಗಿ ಒದಗಿಸುವ ‘ವಿಶೇಷ ಸೇವೆ’ಗಳು ಹೊರಗಿವೆ. ಕಂಪನಿಯ ಜಾಲದೊಳಗೇ ಕೂರುವ ಕಂಟೆಂಟ್ ಡೆಲಿವರಿ ನೆಟ್‌ವರ್ಕ್‌ಗಳನ್ನು, ಎಂದರೆ ಗೂಗಲ್, ನೆಟ್‌ಫ್ಲಿಕ್ಸ್ ಮುಂತಾದವರ ವಿಡಿಯೊ ಪ್ರತಿಗಳನ್ನು ಇಟ್ಟುಕೊಂಡ ಸರ್ವರುಗಳನ್ನು ಕೂಡ ಟ್ರಾಯ್ ಈ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗಾಗಿ ದೊಡ್ಡ ಕಂಪನಿಯ ವಿಡಿಯೊ ಪಟ್ಟನೆ ಬಂದು, ಸಣ್ಣ ಕನ್ನಡ ಸೈಟೊಂದರ ವಿಡಿಯೊ ತೆವಳುತ್ತಾ ಬಂದರೆ ಅಷ್ಟರಿಂದಲೇ ಉಲ್ಲಂಘನೆ ಎನ್ನಲಾಗದು. ಒಬ್ಬರ ಅಂಗಡಿ ನಿಮ್ಮ ಬೀದಿಯಲ್ಲಿದೆ, ಇನ್ನೊಬ್ಬರದು ಮುಂಬೈಯಲ್ಲಿದೆ, ಅಷ್ಟೇ. ಇದು ನ್ಯಾಯವೇ ಎಂದು ಕೇಳಿದರೆ ನಮ್ಮ ಉತ್ತರ ಅರೆಮನಸ್ಸಿನದು. ಆದರೆ ನಿಯಮ ಸದ್ಯ ಹಾಗಿದೆ.

ಮೊದಲು ಮನೆಯೊಳಗಿನ ದೋಷ ತೆಗೆಯಿರಿ

ವೈಫೈ ಮೇಲೆ ತೆಗೆದ ಅಳತೆಯನ್ನು ಯಾವ ಇಂಜಿನಿಯರನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 2.4 ಗಿಗಾಹರ್ಟ್ಸ್ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ 200 ಎಂಬಿಪಿಎಸ್ ಕನೆಕ್ಷನ್ 40ಕ್ಕೆ ಇಳಿಯುವುದು ಸಾಮಾನ್ಯ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಹತ್ತು ಮನೆಯ ರೌಟರುಗಳೂ ಅದೇ ಚಾನೆಲ್ಲಿಗೆ ಕಿತ್ತಾಡುತ್ತಿರುತ್ತವೆ. ಆದ್ದರಿಂದ ಲ್ಯಾಪ್‌ಟಾಪನ್ನು ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ಲಿನಿಂದ ನೇರ ರೌಟರಿಗೆ ಸಿಕ್ಕಿಸಿ, ಉಳಿದ ಫೋನು, ಟಿವಿ, ಕ್ಯಾಮೆರಾಗಳ ವೈಫೈ ಆಫ್ ಮಾಡಿ ಅಳೆಯಿರಿ.

ಆಗ ಎಷ್ಟು ಸಲ ನೋಡಿದರೂ 94 ಎಂಬಿಪಿಎಸ್ ಆಸುಪಾಸಿನಲ್ಲೇ ಅಂಕಿ ನಿಂತರೆ ಕಂಪನಿಗೆ ಫೋನ್ ಮಾಡಬೇಡಿ. ಅದು 100 ಎಂಬಿಪಿಎಸ್ ಪೋರ್ಟಿನ ಗುರುತು. ರೌಟರಿನ ಅಥವಾ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಹಳೆಯದಿರಬೇಕು, ಇಲ್ಲವೇ ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕೇ ಸರಿಯಾಗಿ ಕೂತಿರಬೇಕು. ಗಿಗಾಬಿಟ್ ಓಡಲು ಎಂಟೂ ಬೇಕು. ಕೇಬಲ್ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ.

ಫೈಬರ್ ಕನೆಕ್ಷನ್ ಇದ್ದವರು ಇನ್ನೊಂದು ಅಂಕಿ ನೋಡಬೇಕು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ (ಹೆಚ್ಚಾಗಿ 192.168.1.1, ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿರುತ್ತದೆ) ‘ಆಪ್ಟಿಕಲ್’ ಅಥವಾ ‘ಪಾನ್’ ಎಂಬ ವಿಭಾಗದಲ್ಲಿ ಆರ್‌ಎಕ್ಸ್ ಪವರ್, ಎಂದರೆ ಪೆಟ್ಟಿಗೆಗೆ ತಲುಪುವ ಬೆಳಕಿನ ಬಲ, ಇರುತ್ತದೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಮೈನಸ್ 27 ದಾಟಿದರೆ ಬೆಳಕೇ ಸಾಲುತ್ತಿಲ್ಲ. ಕಂಬದ ಬಳಿ ಫೈಬರ್ ಮಡಚಿಕೊಂಡಿರಬಹುದು, ಹಸಿರು ಕನೆಕ್ಟರಿಗೆ ಧೂಳು ಹಿಡಿದಿರಬಹುದು, ಜೋಡಣೆ ಸಡಿಲವಿರಬಹುದು. ಇಂಥ ಕನೆಕ್ಷನ್ ಹಗಲು ರಾತ್ರಿಯೆನ್ನದೆ, ವಿಡಿಯೊ ಇಮೇಲ್ ಎನ್ನದೆ ಕಾಡುತ್ತದೆ. ಲೈನ್‌ಮನ್ ಬಂದಾಗ ‘ಪವರ್ ಎಷ್ಟಿದೆ, ಮೀಟರಿನಲ್ಲಿ ತೋರಿಸಿ’ ಎಂದು ಕೇಳಿ. ಕೇಳಿದವರ ಮನೆಯಲ್ಲಿ ಕೆಲಸದ ರೀತಿಯೇ ಬೇರೆ.

ಯೂನಿಟ್ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ಪ್ಲಾನಿನಲ್ಲಿ ಬರೆದಿರುವುದು ಮೆಗಾಬಿಟ್, ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಮೆಗಾಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ. ‘ನೂರು ಹೇಳಿ ಹನ್ನೆರಡು ಕೊಡುತ್ತಿದ್ದಾರೆ’ ಎಂಬ ದೂರು ಇಂದಿಗೂ ಬರುತ್ತಲೇ ಇದೆ.

ಒಂದು ವಾರದ ಲೆಕ್ಕ

ದಿನಕ್ಕೆ ಮೂರು ಹೊತ್ತು ಅಳೆಯಿರಿ. ಬೆಳಗ್ಗೆ 6.30, ಮಧ್ಯಾಹ್ನ 2, ರಾತ್ರಿ 9.30. ಏಳು ದಿನ. ಭಾನುವಾರ ಸೇರಿರಲೇಬೇಕು, ಕ್ರಿಕೆಟ್ ಇದ್ದ ದಿನವಾದರೆ ಪಕ್ಕದಲ್ಲಿ ಬರೆದಿಡಿ. ಪ್ರತಿ ಹೊತ್ತಿಗೂ ಮೂರು ಪರೀಕ್ಷೆ, ಏಕೆಂದರೆ ಮೂರೂ ಅಳೆಯುವ ದಾರಿ ಬೇರೆ.

ಊಕ್ಲಾದ ಸ್ಪೀಡ್‌ಟೆಸ್ಟ್ ತನ್ನಷ್ಟಕ್ಕೆ ಬಿಟ್ಟರೆ ಹತ್ತಿರದ ಸರ್ವರ್ ಆರಿಸುತ್ತದೆ. ಅದು ಎಷ್ಟೋ ಸಲ ನಿಮ್ಮ ಕಂಪನಿಯದೇ ಸರ್ವರ್ ಆಗಿರುತ್ತದೆ. ಆಗ ಅಳೆದದ್ದು ಮನೆಯಿಂದ ಕಂಪನಿಯ ಕಚೇರಿಯವರೆಗಿನ ರಸ್ತೆ ಮಾತ್ರ. ಕಂಪನಿಯಿಂದ ಹೊರಜಗತ್ತಿಗೆ ಇರುವ ರಸ್ತೆಯಲ್ಲ. ‘ಸರ್ವರ್ ಬದಲಿಸಿ’ ಒತ್ತಿ ಬೇರೊಂದು ಕಂಪನಿಯ ಸರ್ವರಿಗೂ ಒಮ್ಮೆ ಅಳೆಯಿರಿ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನದು, ಅದರ ವಿಡಿಯೊ ಸರ್ವರುಗಳಿಂದಲೇ ಇಳಿಸಿ ನೋಡುತ್ತದೆ. ವಿಡಿಯೊ ಸಂಚಾರಕ್ಕೆ ಕತ್ತರಿ ಬಿದ್ದಿದ್ದರೆ ಸ್ಪೀಡ್‌ಟೆಸ್ಟಿನಲ್ಲಿ ಹೆಚ್ಚು, ಇಲ್ಲಿ ಕಡಿಮೆ ಬರುತ್ತದೆ. ಮೂರನೆಯದು ಎಂ-ಲ್ಯಾಬಿನ ಪರೀಕ್ಷೆ. ಇದು ಕಂಪನಿಯ ಹೊರಗಿರುವ ಸರ್ವರಿಗೆ ಒಂದೇ ಎಳೆಯಲ್ಲಿ ಅಳೆಯುತ್ತದೆ, ಹಾಗಾಗಿ ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಅದಕ್ಕೆ ಗಾಬರಿಯಾಗಬೇಡಿ, ಇಲ್ಲಿ ನೋಡಬೇಕಾದದ್ದು ಬೆಳಗ್ಗೆಗೂ ರಾತ್ರಿಗೂ ಇರುವ ವ್ಯತ್ಯಾಸ. ಮೊಬೈಲ್ ಡೇಟಾ ಆದರೆ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ ಹಾಕಿಕೊಳ್ಳಿ. ಅದರ ಫಲಿತಾಂಶ ನೇರ ಟ್ರಾಯ್‌ಗೆ ಹೋಗಿ ದಾಖಲಾಗುತ್ತದೆ.

ಪ್ರತಿ ಸಾಲಿನಲ್ಲಿ ತಾರೀಖು, ಗಂಟೆ, ಎಂಬಿಪಿಎಸ್‌ನಲ್ಲಿ ಮೂರು ಅಂಕಿ, ಪಿಂಗ್ (ಸರ್ವರಿಗೆ ಹೋಗಿಬರುವ ಸಮಯ, ಮಿಲಿಸೆಕೆಂಡಿನಲ್ಲಿ). ಜೊತೆಗೆ ಸ್ಕ್ರೀನ್‌ಶಾಟ್. ಒಂದು ದಿನದ ನಮೂನೆ:

ಬೆಳಗ್ಗೆ 6.30: ಸ್ಪೀಡ್‌ಟೆಸ್ಟ್ 198, ಫಾಸ್ಟ್ 190, ಎಂ-ಲ್ಯಾಬ್ 160, ಪಿಂಗ್ 5
ಮಧ್ಯಾಹ್ನ 2.00: ಸ್ಪೀಡ್‌ಟೆಸ್ಟ್ 197, ಫಾಸ್ಟ್ 180, ಎಂ-ಲ್ಯಾಬ್ 140, ಪಿಂಗ್ 5
ರಾತ್ರಿ 9.30: ಸ್ಪೀಡ್‌ಟೆಸ್ಟ್ 195, ಫಾಸ್ಟ್ 170, ಎಂ-ಲ್ಯಾಬ್ 11, ಪಿಂಗ್ 6

ಈ ನಮೂನೆಯಲ್ಲಿ ಯಾರೂ ನಿಮ್ಮ ಆ್ಯಪಿನ ಕತ್ತು ಹಿಸುಕುತ್ತಿಲ್ಲ. ಕಂಪನಿಯೊಳಗಿನ ರಸ್ತೆ ಖಾಲಿ, ನೆಟ್‌ಫ್ಲಿಕ್ಸ್ ಸರ್ವರ್ ಒಳಗೇ ಇರುವುದರಿಂದ ಅದೂ ಚೆನ್ನಾಗಿದೆ. ಹೊರಗೆ ಹೋಗುವ ಕೊಂಡಿ ಮಾತ್ರ ರಾತ್ರಿ ಕಿಕ್ಕಿರಿದಿದೆ. ಮೂರೂ ರಾತ್ರಿ ಒಟ್ಟಿಗೆ ಬಿದ್ದರೆ ಬೀದಿಯ ಫೈಬರೋ ಬಡಾವಣೆಯ ಪೆಟ್ಟಿಗೆಯೋ ತುಂಬಿದೆ. ಫಾಸ್ಟ್ ಒಂದೇ, ಹೊತ್ತು ಯಾವುದಾದರೂ, ಒಂದೇ ಅಂಕಿಗೆ ಅಂಟಿಕೊಂಡರೆ ಆಗ ಅನುಮಾನ ಪಡಿ.

ಗೆರೆಯ ಆಕಾರ

ಅಂಟಿಕೊಳ್ಳುವುದು ಎಂದೆವಲ್ಲ, ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಉಪಯುಕ್ತ ಸುಳಿವು ಅದೇ. ಕಿಕ್ಕಿರಿದ ದಾರಿಯಲ್ಲಿ ಸ್ಪೀಡಿನ ಗೆರೆ ಗರಗಸದ ಹಲ್ಲಿನಂತೆ ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. ಸಾವಿರಾರು ಮನೆಯವರ ಸಂಚಾರ ಜಗ್ಗಾಡುವಾಗ ಅದು ನೆಟ್ಟಗೆ ನಿಲ್ಲುವುದು ಸಾಧ್ಯವಿಲ್ಲ. ಯಂತ್ರವಿಟ್ಟು ಮಿತಿ ಹಾಕಿದಾಗ ಗೆರೆ ಮಟ್ಟಗೋಲು ಹಿಡಿದು ಎಳೆದಂತೆ ಚಪ್ಪಟೆ. ಮೊದಲ ಕೆಲವು ಎಂಬಿ ಭರ್ರನೆ ಬಂದು, ಆಮೇಲೆ ಥಟ್ಟನೆ ಒಂದು ಅಂಕಿಗೆ ಇಳಿದು ಅಲ್ಲೇ ನಿಂತರೆ ಮಿತಿ ಹಾಕುವ ಯಂತ್ರದ ಸಹಿಯೇ ಅದು. ಅಮೆರಿಕದಲ್ಲಿ ಟಿ-ಮೊಬೈಲ್ 2015ರ ನವೆಂಬರಿನಲ್ಲಿ ಶುರುಮಾಡಿದ ‘ಬಿಂಜ್ ಆನ್’ ಯೋಜನೆಯಲ್ಲಿ ವಿಡಿಯೊ ಹೀಗೆ ಸುಮಾರು 1.5 ಎಂಬಿಪಿಎಸ್‌ಗೆ ಕೂರುತ್ತಿತ್ತು. ಯೋಜನೆಗೆ ಸೇರದ ಸೈಟುಗಳ ವಿಡಿಯೊಕ್ಕೂ ಅದೇ ಮಿತಿ ಬೀಳುತ್ತಿದ್ದದ್ದನ್ನು ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅಳೆದು ತೋರಿಸಿದ್ದು ಇಂಥ ಸರಳ ಹೋಲಿಕೆಯಿಂದಲೇ. ಅದೇ ಫೈಲನ್ನು ವಿಡಿಯೊ ಎಂದು ಒಮ್ಮೆ, ಬರೀ ಫೈಲ್ ಎಂದು ಒಮ್ಮೆ ಇಳಿಸಿ ನೋಡಿದರು.

ಗೆರೆ ನೋಡಲು ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಅಡಿ ‘ಈಥರ್‌ನೆಟ್’ ಒತ್ತಿ. ಒಂದು ದೊಡ್ಡ ಫೈಲನ್ನು, ಲಿನಕ್ಸ್ ಐಎಸ್‌ಒ ಆದರೆ ಒಳ್ಳೆಯದು, ಮೂರು ನಿಮಿಷ ಇಳಿಸಿ. ವಿಡಿಯೊ ಓಡಿಸಿ ಇದೇ ಗೆರೆ ನೋಡಿದರೆ ಮೋಸಹೋಗುತ್ತೀರಿ. ವಿಡಿಯೊ ತುಂಡುತುಂಡಾಗಿ ಬರುತ್ತದೆ, ಗೆರೆ ಬೆಟ್ಟಗುಡ್ಡದಂತೆ ಕಾಣುತ್ತದೆ. ವಿಡಿಯೊಕ್ಕೆ ಯೂಟ್ಯೂಬ್‌ನಲ್ಲಿ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕನೆಕ್ಷನ್ ಸ್ಪೀಡ್, ಬಫರ್ ಹೆಲ್ತ್ (ಮುಂಚೆಯೇ ಬಂದು ಕೂತಿರುವ ವಿಡಿಯೊ ಎಷ್ಟು ಸೆಕೆಂಡಿನದು) ಎಂಬ ಎರಡು ಸಾಲು ಸಾಕು. ಬಫರ್ ಹತ್ತು ಸೆಕೆಂಡಿಗಿಂತ ಮೇಲಿದ್ದೂ ಚಿತ್ರ ಮಸುಕಾಗಿದ್ದರೆ ನೆಟ್ಟಿನ ತಪ್ಪಲ್ಲ, ಕ್ವಾಲಿಟಿ ಸೆಟ್ಟಿಂಗ್ ನೋಡಿಕೊಳ್ಳಿ. 1080ಪಿ ವಿಡಿಯೊಕ್ಕೆ 5 ಎಂಬಿಪಿಎಸ್, 4ಕೆಗೆ 20 ಇದ್ದರೆ ಸಾಕು. ವಿಡಿಯೊ ಕಂಪನಿಯೇ ಗುಣಮಟ್ಟ ಇಳಿಸುವುದೂ ಉಂಟು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಮೊಬೈಲ್ ಮೇಲೆ 480ಪಿ ಮಾತ್ರ ಎಂದು ಭಾರತದ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳೇ ತೀರ್ಮಾನಿಸಿದ್ದವು. ಅದು ಟೆಲಿಕಾಂ ಕಂಪನಿಯ ಲೈಸೆನ್ಸಿಗೆ ಸಂಬಂಧಿಸಿದ್ದಲ್ಲ.

ಚಪ್ಪಟೆ ಗೆರೆ ಎಲ್ಲ ಆ್ಯಪಿಗೂ ಬಂದರೆ ಡೇಟಾ ಮಿತಿ ಮುಗಿದಿರಬೇಕು. ‘ಅನ್‌ಲಿಮಿಟೆಡ್’ ಎಂಬ ಹಲವು ಫೈಬರ್ ಪ್ಲಾನುಗಳಿಗೂ ತಿಂಗಳಿಗೆ 3,300 ಜಿಬಿಯ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ. ಎಲ್ಲಕ್ಕೂ ಸಮನಾಗಿ ಬೀಳುವ ಮಿತಿ ನ್ಯೂಟ್ರಾಲಿಟಿಗೆ ವಿರುದ್ಧವಲ್ಲ. ಆದರೆ ಮಿತಿಯ ನಂತರದ ಸ್ಪೀಡನ್ನು ಓದಿಕೊಳ್ಳಿ. 2023ರ ಜನವರಿಯಿಂದ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು.

ವೆಹೆ ಮತ್ತು ವಿಪಿಎನ್

ಅನುಮಾನ ಗಟ್ಟಿಯಾದ ಮೇಲೆ ವೆಹೆ ಎಂಬ ಆ್ಯಪ್ ಹಾಕಿಕೊಳ್ಳಿ. ಹುಡುಕುವಾಗ ಡಬ್ಲ್ಯೂ-ಇ-ಎಚ್-ಇ ಎಂದು ಟೈಪ್ ಮಾಡಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದು, ಫ್ರಾನ್ಸಿನ ಟೆಲಿಕಾಂ ನಿಯಂತ್ರಕ ಆರ್ಸೆಪ್ ಇದಕ್ಕೆ ಕೈಜೋಡಿಸಿದೆ. ಇದರ ಜಾಣತನ ಇಷ್ಟೇ: ಯೂಟ್ಯೂಬ್ ಅಥವಾ ನೆಟ್‌ಫ್ಲಿಕ್ಸ್ ಸಂಚಾರದ ಒಂದು ಧ್ವನಿಮುದ್ರಣದಂಥದ್ದನ್ನು ತನ್ನ ಸರ್ವರಿನಿಂದ ನಿಮಗೆ ಓಡಿಸುತ್ತದೆ. ಆಮೇಲೆ ಅದೇ ಗಾತ್ರ, ಅದೇ ಲಯ, ಅದೇ ಸರ್ವರ್, ಆದರೆ ಒಳಗಿನ ಬಿಟ್ಟುಗಳನ್ನು ಗುರುತು ಸಿಗದಂತೆ ಕೆಡಿಸಿ ಇನ್ನೊಮ್ಮೆ ಓಡಿಸುತ್ತದೆ. ದಾರಿ ಒಂದೇ ಆದ್ದರಿಂದ ಎರಡೂ ಒಂದೇ ವೇಗದಲ್ಲಿ ಬರಬೇಕು. ಗುರುತಿದ್ದದ್ದು ನಿಧಾನ, ಗುರುತಿಲ್ಲದ್ದು ವೇಗ ಎಂದಾದರೆ ನಡುವೆ ಯಾರೋ ಹೆಸರು ನೋಡಿ ಬಿಡುತ್ತಿದ್ದಾರೆ.

ಓಡಿಸುವ ಕ್ರಮ: ವಿಪಿಎನ್ (ನಿಮ್ಮ ಸಂಚಾರವನ್ನು ಮುಚ್ಚಿ ಬೇರೊಂದು ಸರ್ವರಿನ ಮೂಲಕ ಸಾಗಿಸುವ ಸೇವೆ) ಇದ್ದರೆ ಆಫ್ ಮಾಡಿ. ಮೊಬೈಲ್ ಡೇಟಾ ಪರೀಕ್ಷೆಯಾದರೆ ವೈಫೈ ಆಫ್ ಮಾಡಿ. ಬ್ಯಾಟರಿ ಸೇವರ್ ತೆಗೆಯಿರಿ. ನೀವು ಅನುಮಾನಿಸುವ ಆ್ಯಪ್ ಜೊತೆಗೆ ಹೋಲಿಕೆಗೆ ಇನ್ನೆರಡನ್ನು ಆರಿಸಿ. ಒಂದೇ ಹೊತ್ತಿನಲ್ಲಿ ಕನಿಷ್ಠ ಮೂರು ಸಲ, ಬೇರೆ ಬೇರೆ ಮೂರು ದಿನ ಓಡಿಸಿ. ಒಂಬತ್ತರಲ್ಲಿ ಒಂದು ಸಲ ವ್ಯತ್ಯಾಸ ಬಂದರೆ ಅದನ್ನು ಮರೆತುಬಿಡಿ. ಎರಡು ಓಟದ ನಡುವೆ ಮೊಬೈಲ್ ಟವರ್ ಬದಲಾದರೂ ಹಾಗಾಗುತ್ತದೆ. ಏಳೆಂಟು ಸಲ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ವೆಹೆಗೂ ಕಣ್ಣಿಗೆ ಬೀಳದ ಮೂಲೆಯೊಂದಿದೆ. ಕನೆಕ್ಷನ್ ಶುರುವಾಗುವಾಗ ತೆರೆದೇ ಹೋಗುವ ಸೈಟಿನ ಹೆಸರನ್ನು ನೋಡಿ ಕಂಪನಿ ಕತ್ತರಿಸುತ್ತಿದ್ದರೆ ಇದು ಹಿಡಿಯುತ್ತದೆ. ಐಪಿ ವಿಳಾಸ ನೋಡಿ ಕತ್ತರಿಸುತ್ತಿದ್ದರೆ ಹಿಡಿಯದು, ಏಕೆಂದರೆ ವೆಹೆಯ ಸರ್ವರಿನ ವಿಳಾಸ ಯೂಟ್ಯೂಬಿನದಲ್ಲ.

ಇನ್ನು ವಿಪಿಎನ್. ‘ವಿಪಿಎನ್ ಹಾಕಿದರೆ ಸರಿಹೋಗುತ್ತೆ, ಅಂದಮೇಲೆ ಕಂಪನಿಯದೇ ಕೈವಾಡ’ ಎಂಬ ತರ್ಕ ಎಲ್ಲೆಡೆ ಚಾಲ್ತಿಯಲ್ಲಿದೆ. ಅರ್ಧ ಸುಳ್ಳು. ವಿಪಿಎನ್ ಹೆಸರನ್ನು ಮುಚ್ಚುವುದರ ಜೊತೆಗೆ ದಾರಿಯನ್ನೂ ಬದಲಿಸುತ್ತದೆ. ನಿಮ್ಮ ಕಂಪನಿಯಿಂದ ಆ ವಿಡಿಯೊ ಸರ್ವರಿಗೆ ಹೋಗುವ ನೇರ ಕೊಂಡಿ ಕಿಕ್ಕಿರಿದಿದ್ದು, ವಿಪಿಎನ್ ಬಳಸುವ ಕೊಂಡಿ ಖಾಲಿ ಇದ್ದರೂ ಇದೇ ಫಲಿತಾಂಶ ಬರುತ್ತದೆ. ಭಾರತದಲ್ಲಿ ಇನ್ನೊಂದು ತೊಡಕಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಬಳಕೆದಾರರ ದಾಖಲೆ ಇಡಬೇಕೆಂದು ಆದೇಶಿಸಿದ ಮೇಲೆ ಹಲವು ವಿಪಿಎನ್ ಕಂಪನಿಗಳು ಇಲ್ಲಿನ ಸರ್ವರುಗಳನ್ನು ಎತ್ತಿಕೊಂಡು ಹೋದವು. ಪಟ್ಟಿಯಲ್ಲಿ ‘ಇಂಡಿಯಾ’ ಎಂದಿದ್ದರೂ ಯಂತ್ರ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಇರಬಹುದು. ಹಾಗಾಗಿ ವಿಪಿಎನ್ ಹಾಕಿ ನಿಧಾನವಾದರೂ ಅದರಿಂದ ಏನೂ ಸಾಬೀತಾಗದು. ಅದನ್ನು ಸುಳಿವಾಗಿ ಇಟ್ಟುಕೊಳ್ಳಿ, ಸಾಕ್ಷಿಯಾಗಿ ಅಲ್ಲ.

ದಾರಿ ನೋಡುವುದು

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಟಿ-ಆರ್-ಎ-ಸಿ-ಇ-ಆರ್-ಟಿ ಎಂದು ಬರೆದು, ಜಾಗ ಬಿಟ್ಟು, ಸೈಟಿನ ಹೆಸರು ಹಾಕಿದರೆ ಪ್ಯಾಕೆಟ್ಟುಗಳು, ಎಂದರೆ ಡೇಟಾದ ತುಣುಕುಗಳು, ಹಾದುಹೋಗುವ ಒಂದೊಂದು ನಿಲ್ದಾಣವೂ ಮಿಲಿಸೆಕೆಂಡಿನ ಸಮೇತ ಕಾಣುತ್ತದೆ. ಫೈಬರಿನಲ್ಲಿ ಬೆಳಕು ನೂರು ಕಿಲೋಮೀಟರ್ ಹೋಗಿಬರಲು ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ಬೆಂಗಳೂರಿನಿಂದ ಚೆನ್ನೈ ಹತ್ತರೊಳಗೆ, ಮುಂಬೈ ಇಪ್ಪತ್ತರ ಆಸುಪಾಸು ಬರಬೇಕು. ಸಿಂಗಪುರ ಮೂವತ್ತಕ್ಕಿಂತ ಕಡಿಮೆ ಬರಲಾರದು. ಮುಂಬೈಯಲ್ಲೇ ಇರುವ ಸೈಟಿಗೆ 70, 80 ಬಂದರೆ ನಿಮ್ಮ ಸಂಚಾರ ಸಮುದ್ರ ದಾಟಿ ವಾಪಸು ಬರುತ್ತಿದೆ. ಎರಡು ಕಂಪನಿಗಳು ದೇಶದೊಳಗೆ ನೇರ ಕೊಂಡಿ ಹಾಕಿಕೊಂಡಿಲ್ಲ ಎಂದರ್ಥ.

ನಡುವಿನ ಒಂದು ನಿಲ್ದಾಣದಲ್ಲಿ ನಕ್ಷತ್ರ ಚಿಹ್ನೆ ಅಥವಾ ಭಾರಿ ಅಂಕಿ ಕಂಡು ‘ಇಲ್ಲೇ ಕಳ್ಳ’ ಎಂದು ಹಾರಬೇಡಿ. ಎಷ್ಟೋ ರೌಟರುಗಳು ಇಂಥ ಪ್ರಶ್ನೆಗೆ ಉತ್ತರಿಸುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡಿರುತ್ತವೆ. ಒಂದು ನಿಲ್ದಾಣದಲ್ಲಿ ಏರಿದ ಅಂಕಿ ಅಲ್ಲಿಂದ ಕೊನೆಯವರೆಗೂ ಏರಿಯೇ ಇದ್ದರೆ ಮಾತ್ರ ಲೆಕ್ಕಕ್ಕೆ. ಅದೇ ಪರೀಕ್ಷೆಯನ್ನು ಬೆಳಗ್ಗೆ ಮಾಡಿ ಪಕ್ಕದಲ್ಲಿಟ್ಟರೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಸೈಟೇ ತೆರೆಯದಿದ್ದರೆ ಊನಿ ಪ್ರೋಬ್ ಎಂಬ ಆ್ಯಪ್ ಓಡಿಸಿ. ಹೆಸರು-ವಿಳಾಸದ ಹಂತದಲ್ಲಿ ತಡೆದಿದ್ದಾರೋ, ಆಮೇಲೋ ಎಂದು ತಿಳಿಯುತ್ತದೆ. ಬೇರೆ ಕಂಪನಿಯ ಸಿಮ್ಮಿನಲ್ಲೂ ತೆರೆಯದಿದ್ದರೆ ಸರ್ಕಾರಿ ಆದೇಶವೋ ಸೈಟಿನದೇ ತೊಂದರೆಯೋ ಇರಬೇಕು. ಒಂದು ಕಂಪನಿಯಲ್ಲಿ ಮಾತ್ರ, ದಿನಗಟ್ಟಲೆ ತೆರೆಯದಿದ್ದರೆ ಕೇಳುವ ಹಕ್ಕು ನಿಮ್ಮದು.

ಪ್ಲಾನಿನಲ್ಲಿ ಅಡಗಿದ ತಾರತಮ್ಯ

ರಾತ್ರಿ ಹೊತ್ತು ಡೇಟಾ ಪುಕ್ಕಟೆ ಎಂಬ ಪ್ಲಾನ್ ಸರಿ, ಯಾವ ಸೈಟ್ ಎಂದು ಕೇಳುವುದಿಲ್ಲವಲ್ಲ. ಒಟಿಟಿ ಚಂದಾ ಜೊತೆಗೆ ಸೇರಿಸಿ ಕೊಡುವುದೂ ಸರಿ. ಅಲ್ಲಿ ಪುಕ್ಕಟೆ ಸಿಗುವುದು ಚಂದಾ, ಡೇಟಾ ಅಲ್ಲ. ‘ಇಂಥ ಆ್ಯಪಿಗೆ ಡೇಟಾ ಕಡಿತವಿಲ್ಲ’ ಎಂದರೆ 2016ರ ನಿಯಮ ಮುರಿದಂತೆ. ಪರೀಕ್ಷೆ ಸುಲಭ. ಮೊಬೈಲಿನಲ್ಲಿ ಉಳಿದ ಡೇಟಾ ಬರೆದಿಟ್ಟುಕೊಂಡು, ಬೇರೆಲ್ಲ ಆ್ಯಪುಗಳ ಬ್ಯಾಕ್‌ಗ್ರೌಂಡ್ ಡೇಟಾ ನಿಲ್ಲಿಸಿ, ಅನುಮಾನದ ಆ್ಯಪಿನಲ್ಲಿ 500 ಎಂಬಿ ಬಳಸಿ. ಫೋನಿನ ಡೇಟಾ ಮೀಟರಿನಲ್ಲಿ ಎಷ್ಟು ಬಳಕೆಯಾಗಿದೆ, ಕಂಪನಿಯ ಲೆಕ್ಕದಲ್ಲಿ ಎಷ್ಟು ಕಡಿತವಾಗಿದೆ, ಎರಡನ್ನೂ ಹೋಲಿಸಿ. ಕಂಪನಿಯ ಲೆಕ್ಕ ಅರ್ಧ ಗಂಟೆ ತಡವಾಗಿ ತೋರಿಸಬಹುದು, ಕಾದು ನೋಡಿ. ಪುಕ್ಕಟೆ ಸಿಕ್ಕರೆ ದೂರೇಕೆ ಎನ್ನುವವರುಂಟು. ಆ ಆ್ಯಪಿನ ಎದುರಾಳಿಯಾಗಿ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಯಾರೋ ನಾಲ್ಕು ಜನ ಕೂತು ಮಾಡಿದ ಆ್ಯಪಿಗೆ ಆ ಕ್ಷಣವೇ ಗಿರಾಕಿ ತಪ್ಪುತ್ತದೆ.

ಬಂಡವಾಳದ ವಾದವನ್ನು ಓದುವ ಬಗೆ

ನಿಮ್ಮ ದೂರಿಗೆ ಬರಬಹುದಾದ ಉತ್ತರಗಳಲ್ಲಿ ಒಂದು: ‘ವಿಡಿಯೊ ಕಂಪನಿಗಳು ನಮ್ಮ ಜಾಲ ತುಂಬಿಸುತ್ತಿವೆ, ದುಡ್ಡು ಕೊಡುತ್ತಿಲ್ಲ, ನಿಯಮ ಸಡಿಲಿಸಿದರೆ ಹೂಡಿಕೆ ಹೆಚ್ಚುತ್ತದೆ.’ ಟೆಲಿಕಾಂ ಕಂಪನಿಗಳ ಸಂಘವೂ ಇದನ್ನೇ ಹೇಳುತ್ತಿದೆ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಪೂರ್ತಿ ನುಂಗುವಂತೆಯೂ ಇಲ್ಲ. ಲೆಕ್ಕ ಹಾಕಿ ನೋಡಿ.

ನಿಮ್ಮ ಬೀದಿಯ ಜಿಪಾನ್ (ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಬಗೆ) ಫೈಬರ್ ಎಳೆಯೊಂದರ ಇಳಿಕೆಯ ಸಾಮರ್ಥ್ಯ 2,488 ಎಂಬಿಪಿಎಸ್. ಅದನ್ನು 64 ಮನೆಗೆ ಹಂಚಿದರೆ ಎಲ್ಲರೂ ಒಟ್ಟಿಗೆ ಬಳಸುವಾಗ ಮನೆಗೆ ಸುಮಾರು 39. ಎಲ್ಲರೂ ಒಟ್ಟಿಗೆ ಬಳಸುವುದು ಅಪರೂಪ, ಆದ್ದರಿಂದ 200ರ ಪ್ಲಾನ್ ಮಾರುವುದು ಮೋಸವೇನಲ್ಲ. ಆದರೆ ಇಂಥ 16 ಎಳೆಗಳು ಸೇರುವ ಪೆಟ್ಟಿಗೆಯಿಂದ ಮೇಲಕ್ಕೆ 10 ಗಿಗಾಬಿಟ್ಟಿನ ಒಂದೇ ಕೊಂಡಿ ಇದ್ದರೆ? ಕೆಳಗೆ 40 ಗಿಗಾಬಿಟ್ ಹಸಿವು, ಮೇಲೆ 10ರ ಊಟ. ರಾತ್ರಿ ಒಂಬತ್ತಕ್ಕೆ ಬೀಳುವುದು ಇಲ್ಲಿ. ಇನ್ನೊಂದು ಕೊಂಡಿ ಸೇರಿಸಿದರೆ ಸರಿಹೋಗುವ ಇಕ್ಕಟ್ಟಿಗೆ ನೆಟ್ ನ್ಯೂಟ್ರಾಲಿಟಿ ಕಾರಣವೂ ಅಲ್ಲ, ಮದ್ದೂ ಅಲ್ಲ. ನಿಯಮ ಸಮಾನತೆಯ ಮಾತು ಕೊಡುತ್ತದೆ, ವೇಗದ ಮಾತು ಕೊಡುವುದಿಲ್ಲ. ಎಲ್ಲರನ್ನೂ ಸಮನಾಗಿ ಬಿಸಿಲಿನಲ್ಲಿ ನಿಲ್ಲಿಸಿದರೂ ಅದು ಪಾಲನೆಯಾದಂತೆಯೇ.

ಅಮೆರಿಕ ಈ ವಿಷಯದಲ್ಲಿ ಉಯ್ಯಾಲೆಯಾಡಿದೆ. 2015ರ ಫೆಬ್ರುವರಿಯಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಕಟ್ಟುನಿಟ್ಟಿನ ನಿಯಮ ತಂದಿತು, ಹೂಡಿಕೆ ಕುಗ್ಗಿತೆಂಬ ಕಾರಣ ಕೊಟ್ಟು 2017ರ ಡಿಸೆಂಬರಿನಲ್ಲಿ ರದ್ದು ಮಾಡಿತು, 2024ರ ಏಪ್ರಿಲಿನಲ್ಲಿ ಮತ್ತೆ ತಂದಿತು, 2025ರ ಜನವರಿ 2ರಂದು ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೇ ಕಾನೂನಿದೆ. ಇಷ್ಟು ಏರಿಳಿತದಲ್ಲೂ ನಿಯಮದಿಂದಲೇ ಹೂಡಿಕೆ ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ಎರಡೂ ಕಡೆಯವರು ಒಪ್ಪುವ ಒಂದು ಅಂಕಿ ಹುಟ್ಟಲಿಲ್ಲ. ಕಾರಣ ಸರಳ. ಟೆಲಿಕಾಂ ಹೂಡಿಕೆ ಅಲೆಯಂತೆ ಬರುತ್ತದೆ. ತರಂಗಾಂತರ ಹರಾಜು, 4ಜಿಯಿಂದ 5ಜಿಗೆ ಬದಲಾವಣೆ, ಬಡ್ಡಿದರ, ಎದುರಾಳಿಯ ಭಯ ಇವೆಲ್ಲ ನಿಯಮಕ್ಕಿಂತ ಜೋರಾಗಿ ಎಳೆಯುತ್ತವೆ. ನಮ್ಮಲ್ಲೇ ದರ ತಾರತಮ್ಯ ನಿಷೇಧವಾದ ಏಳು ತಿಂಗಳಿಗೆ, 2016ರ ಸೆಪ್ಟೆಂಬರ್ 5ರಂದು, ಜಿಯೊ ಮಾರುಕಟ್ಟೆಗೆ ಇಳಿಯಿತು. 2022ರ ಆಗಸ್ಟ್ 1ಕ್ಕೆ ಮುಗಿದ 5ಜಿ ಹರಾಜಿನಲ್ಲಿ ಕಂಪನಿಗಳು ಒಂದೂವರೆ ಲಕ್ಷ ಕೋಟಿ ರೂಪಾಯಿ ಬಿಡ್ ಹಾಕಿದವು. ನಿಯಮದಿಂದಾಗಿ ಹೂಡಿದರು ಎಂದು ಹೇಳಲಾಗದು. ನಿಯಮ ಇದ್ದದ್ದರಿಂದ ಕೈಕಟ್ಟಿ ಕೂರಲಿಲ್ಲ ಎನ್ನುವುದಂತೂ ಕಣ್ಣೆದುರಿಗಿದೆ.

‘ಕಳಿಸುವವನೇ ದುಡ್ಡು ಕೊಡಲಿ’ ಎಂಬುದನ್ನು ನಿಜಕ್ಕೂ ಜಾರಿಗೆ ತಂದ ದೇಶ ದಕ್ಷಿಣ ಕೊರಿಯಾ. ಅಲ್ಲಿ 2016ರಿಂದ ಕಂಪನಿಗಳ ನಡುವಿನ ಲೆಕ್ಕ ಆ ರೀತಿ ನಡೆಯುತ್ತದೆ. ಟ್ವಿಚ್ ಎಂಬ ಲೈವ್ ವಿಡಿಯೊ ಸೇವೆ 2022ರಲ್ಲಿ ಕೊರಿಯಾದವರಿಗೆ ಗುಣಮಟ್ಟವನ್ನು 720ಪಿಗೆ ಇಳಿಸಿತು. ಜಾಲದ ಶುಲ್ಕ ಬಹುಪಾಲು ದೇಶಗಳಿಗಿಂತ ಹತ್ತು ಪಟ್ಟು ಎಂದು ಹೇಳಿ 2024ರ ಫೆಬ್ರುವರಿ 27ರಂದು ಅಂಗಡಿಯನ್ನೇ ಮುಚ್ಚಿ ಹೊರಟಿತು. ಹಾಗಾಗಿ ‘ಅವರಿಂದ ವಸೂಲಿ ಮಾಡಿದರೆ ನಿಮ್ಮ ವಿಡಿಯೊ ಸುಧಾರಿಸುತ್ತದೆ’ ಎಂದು ಯಾರಾದರೂ ಬರೆದರೆ ಒಂದೇ ಪ್ರಶ್ನೆ ಕೇಳಿ: ಆ ದುಡ್ಡು ನಮ್ಮ ಬಡಾವಣೆಯ ಪೆಟ್ಟಿಗೆಗೆ ಬರುತ್ತದೆಂದು ಎಲ್ಲಿ ಬರೆದಿದೆ?

ದೂರು

ಎರಡು ದೂರು ಒಂದೇ ಕಾಗದದಲ್ಲಿ ಬೇಡ. ಎಲ್ಲವೂ ನಿಧಾನವಿದ್ದರೆ ‘ಸೇವಾ ಗುಣಮಟ್ಟ’ ಎಂದು, ಒಂದೇ ನಿಧಾನವಿದ್ದರೆ ‘ಲೈಸೆನ್ಸಿನ ನೆಟ್ ನ್ಯೂಟ್ರಾಲಿಟಿ ಷರತ್ತು’ ಎಂದು ವಿಷಯ ಬರೆಯಿರಿ. ಒಕ್ಕಣೆ ಹೀಗಿರಲಿ:

‘ಮಾನ್ಯರೇ, ನನ್ನ ಕನೆಕ್ಷನ್ 200 ಎಂಬಿಪಿಎಸ್ ಪ್ಲಾನಿನದು. ಲ್ಯಾನ್ ಕೇಬಲ್ ಮೂಲಕ ಏಳು ದಿನ, ದಿನಕ್ಕೆ ಮೂರು ಸಲ ಅಳೆದ ಪಟ್ಟಿ ಲಗತ್ತಿಸಿದ್ದೇನೆ. ರಾತ್ರಿ 9.30ಕ್ಕೆ ನಿಮ್ಮ ಜಾಲದೊಳಗಿನ ಸರ್ವರಿಗೆ 195 ಬಂದರೆ ಹೊರಗಿನ ಸರ್ವರಿಗೆ 11 ಮಾತ್ರ ಬರುತ್ತಿದೆ. ಫೈಬರ್ ಪವರ್ ಮೈನಸ್ 19 ಡಿಬಿಎಂ ಇರುವುದರಿಂದ ಮನೆಯ ಲೈನಿನಲ್ಲಿ ದೋಷವಿಲ್ಲ. ಹೊರಗಿನ ಕೊಂಡಿಯ ಇಕ್ಕಟ್ಟನ್ನು ಯಾವ ದಿನಾಂಕದೊಳಗೆ ಸರಿಪಡಿಸುತ್ತೀರಿ ಎಂದು ಲಿಖಿತವಾಗಿ ತಿಳಿಸಿ.’

ನ್ಯೂಟ್ರಾಲಿಟಿ ದೂರಾದರೆ ಕೊನೆಯ ಸಾಲಿನ ಬದಲು ‘ಈ ಸಂಚಾರಕ್ಕೆ ಯಾವ ನಿರ್ವಹಣಾ ಕ್ರಮ, ಯಾವ ಕಾರಣಕ್ಕೆ, ಎಷ್ಟು ಕಾಲಕ್ಕೆ ಅನ್ವಯಿಸಿದ್ದೀರಿ ತಿಳಿಸಿ’ ಎಂದು ಹಾಕಿ, ವೆಹೆ ಚಿತ್ರಗಳನ್ನು ಸೇರಿಸಿ. ‘ಅನ್ವಯಿಸಿಲ್ಲ’ ಎಂದು ಅವರು ಬರೆದುಕೊಟ್ಟರೆ ಅದೂ ಮುಂದಿನ ಹಂತಕ್ಕೆ ದಾಖಲೆಯೇ.

ದೂರು ಕೊಡಲು ದೊಡ್ಡ ಕಂಪನಿಗಳಿಗೆ ಫೋನ್ 198, ಸಣ್ಣ ಸೇವಾದಾರರಿಗೆ ಅವರದೇ ಸಂಖ್ಯೆ. ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಪಡೆಯದೆ ಫೋನ್ ಇಡಬೇಡಿ, ಅದಿಲ್ಲದೆ ದೂರು ಕೊಟ್ಟದ್ದೇ ಸಾಬೀತಾಗದು. ಪರಿಹಾರ ತೃಪ್ತಿಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಶುಲ್ಕವಿಲ್ಲ. 39 ದಿನದೊಳಗೆ ಅವರು ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗ: ಫೋನ್ 1063, ಅಥವಾ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್. ಟ್ರಾಯ್ ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ. ಆದರೆ ದರ ತಾರತಮ್ಯದ ಪ್ಲಾನ್ ಕಂಡರೆ ಜಾಹೀರಾತಿನ ಪ್ರತಿಯೊಂದಿಗೆ ಅವರಿಗೂ ಒಂದು ಇಮೇಲ್ ಹಾಕಿ.

ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ಜಗಳ ಅಲ್ಲಿಗೆ ಬರುವಂತಿಲ್ಲ ಎಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಬಿಲ್ಲುಗಳು, ಡಾಕೆಟ್ ನಂಬರುಗಳು, ಏಳು ದಿನದ ಪಟ್ಟಿ ಇಷ್ಟು ಜೊತೆಗಿರಲಿ. ಲೈನ್‌ಮನ್ ಬಂದು ‘ಈಗ ಸರಿಯಾಗಿದೆ, ಓಟಿಪಿ ಹೇಳಿ’ ಎಂದರೆ, ಆ ಓಟಿಪಿ ದೂರು ಮುಚ್ಚುವುದಕ್ಕೆ. ಅವರು ಬರುವುದು ಹೆಚ್ಚಾಗಿ ಬೆಳಗ್ಗೆ ಹನ್ನೊಂದಕ್ಕೆ. ರಾತ್ರಿ ಒಂಬತ್ತೂವರೆಗೆ ಅಳೆದು ನೋಡಿ ಹೇಳುತ್ತೇನೆ ಎನ್ನಿ.